24 ಮಿಲಿಮೀಟರ್ ಗಾಳಿ

ಕ್ಯಾನನ್ ಕಂಪನಿ 2024ರ ಏಪ್ರಿಲ್‌ನಲ್ಲಿ ತನ್ನ ಆರ್‌ಎಫ್ ಮೌಂಟಿನ (ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿ) ಬಾಗಿಲನ್ನು ಬೇರೆ ಕಂಪನಿಗಳಿಗೆ ತೆರೆಯಿತಲ್ಲ, ಆವತ್ತು ನಮ್ಮ ಕ್ಯಾಮೆರಾ ಬಳಗದಲ್ಲಿ ಹಬ್ಬವೋ ಹಬ್ಬ. ಸಿಗ್ಮಾ, ಟ್ಯಾಮ್ರಾನ್‌ಗೆ ಲೆನ್ಸ್ ಮಾಡಲು ಅಪ್ಪಣೆ ಸಿಕ್ಕಿತು ಅಂತ. ಆಮೇಲೆ ಯಾರೋ ಪೂರ್ತಿ ಓದಿದರು. ಅಪ್ಪಣೆ ಚಿಕ್ಕ ಸೆನ್ಸರಿನ, ಅಂದರೆ ಚಿತ್ರ ಹಿಡಿಯುವ ಚಿಪ್ ಚಿಕ್ಕದಿರುವ ಕ್ಯಾಮೆರಾಗಳ, ಲೆನ್ಸ್‌ಗಳಿಗೆ ಮಾತ್ರ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ಗೆ ಲಕ್ಷಗಟ್ಟಲೆ ಸುರಿದವರು ಹೊರಗೇ ನಿಂತರು. ಜಾಸ್ತಿ ಕೊಟ್ಟವರಿಗೆ ಕಡಿಮೆ ಆಯ್ಕೆ! ಉಳ್ಳವರ ಸೊಕ್ಕು ಮುರಿಯುವ ಇಂಥ ಸಮಾಜವಾದ ನಮ್ಮ ವಿಧಾನಸೌಧಕ್ಕೂ ಹೊಳೆದಿರಲಿಲ್ಲ.

ಅದಕ್ಕೂ ಮೊದಲು, 2022ರಲ್ಲಿ, ಚೀನಾದ ವಿಲ್ಟ್ರಾಕ್ಸ್ ಈ ಮೌಂಟಿಗೆ ಅಗ್ಗದ ಆಟೋಫೋಕಸ್ ಲೆನ್ಸ್ ಮಾರುತ್ತಿತ್ತು. ನಮ್ಮ ಪೇಟೆಂಟ್ ಮುಟ್ಟಿದ್ದೀರಿ ಅಂತ ಕ್ಯಾನನ್ ಗದರಿತು. ಮಾರಾಟ ನಿಂತಿತು. ಕಾನೂನು ಕಾನೂನೇ, ಬಿಡಿ.

ಸರಿ, ಸ್ವಂತ ಲೆನ್ಸನ್ನಾದರೂ ಹೇಗೆ ಮಾಡಿದ್ದಾರೆ ನೋಡೋಣ. 2018ರಲ್ಲಿ ಈ ಮೌಂಟ್ ತಂದಾಗ ಕ್ಯಾನನ್ ಹೇಳಿದ್ದು ನೆನಪಿದೆಯಲ್ಲ? ಕ್ಯಾಮೆರಾ ಒಳಗಿನ ಕನ್ನಡಿ ಹೋಯಿತು. ಮೌಂಟಿಗೂ ಸೆನ್ಸರಿಗೂ ಇದ್ದ ದೂರ 44 ಮಿಲಿಮೀಟರಿನಿಂದ 20ಕ್ಕೆ ಇಳಿಯಿತು. ಲೆನ್ಸಿನ ಹಿಂದಿನ ಗಾಜು ಸೆನ್ಸರಿನ ಪಕ್ಕಕ್ಕೇ ಬರುತ್ತದೆ, ಇನ್ನು ಅಗಲ ನೋಟದ ವೈಡ್ ಲೆನ್ಸ್‌ಗಳ ಸುವರ್ಣಯುಗ ಅಂದರು. ಪೂರ್ತಿ ಸುಳ್ಳೇನಲ್ಲ. ನಿಕಾನ್‌ನ ಹಳೇ 14-24 ಎಂಎಂ ಲೆನ್ಸ್ (ಈ ಎಂಎಂ ಚಿಕ್ಕದಾದಷ್ಟೂ ನೋಟ ಅಗಲ) ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತಿತ್ತು. ಕನ್ನಡಿಯಿಲ್ಲದ ಹೊಸ ಝಡ್ ಮೌಂಟಿನದು 650 ಗ್ರಾಂ. ಚಿತ್ರವೂ ಚೆನ್ನಾಗಿದೆ.

ಆದರೆ ಕ್ಯಾನನ್‌ನ ಆರ್‌ಎಫ್ 16 ಎಂಎಂ ತಗೊಳ್ಳಿ. ಅದರ ರಾ ಫೈಲನ್ನು, ಅಂದರೆ ಸೆನ್ಸರ್ ಕಂಡ ಹಸಿ ಚಿತ್ರವನ್ನು, ಕರೆಕ್ಷನ್ ಹಾಕದೆ ತೆರೆಯಿರಿ. ಗೋಡೆ ಬಿಲ್ಲಿನ ಹಾಗೆ ಬಾಗಿದೆ, ನಾಲ್ಕೂ ಮೂಲೆ ಕಪ್ಪು. ಆಮೇಲೆ ಸಾಫ್ಟ್‌ವೇರ್ ಬಂದು ಮೂಲೆಗಳನ್ನು ಹಿಡಿದೆಳೆದು ನೆಟ್ಟಗೆ ಮಾಡುತ್ತದೆ. ಎಳೆದ ಕಡೆ ಚಿತ್ರ ಮಸುಕಾಗುತ್ತದೆ, ಅಷ್ಟೇ. ಹೋಗಲಿ, ಅದು ಅಗ್ಗದ ಲೆನ್ಸ್ ಅಂದುಕೊಂಡಿರಾ? ಕ್ಯಾನನ್‌ನ ದುಬಾರಿ ಸಾಲಿನ ಗುರುತಾದ ಕೆಂಪು ಉಂಗುರ ತೊಟ್ಟ 14-35ರಲ್ಲೂ 14ಕ್ಕೆ ತಿರುಗಿಸಿದರೆ ಮೂಲೆ ಕಪ್ಪೇ. ದುಬಾರಿಯಲ್ಲೂ ಅಗ್ಗದಲ್ಲೂ ಒಂದೇ ಅಮಾವಾಸ್ಯೆ. ಇನ್ನು 16 ಎಂಎಂ ಡಬ್ಬಿಯಲ್ಲಿ ಅಡ್ಡ ಬೆಳಕು ತಡೆಯುವ ಹುಡ್ ಹುಡುಕಬೇಡಿ. ಆ ಪ್ಲಾಸ್ಟಿಕ್ ಬಳೆಗೆ ಬೇರೆ ಬಿಲ್ಲು.

ಅಂದಹಾಗೆ, ಈ 16 ಎಂಎಂ ಮೂಲೆಯಿಂದ ಮೂಲೆಗೆ ಸುಮಾರು 108 ಡಿಗ್ರಿ ನೋಡುತ್ತದೆ. ಇದರ ನಿಜವಾದ ಉಪಕಾರ ಗೊತ್ತಾಗಬೇಕಿದ್ದರೆ ಬೆಂಗಳೂರಿನ ಫ್ಲ್ಯಾಟ್ ಜಾಹೀರಾತು ನೋಡಬೇಕು. ಹತ್ತಕ್ಕೆ ಹತ್ತರ ರೂಮು ಫೋಟೋದಲ್ಲಿ ಮದುವೆ ಛತ್ರ. ಬಾಲ್ಕನಿಯಲ್ಲಿ ಕ್ರಿಕೆಟ್ ಆಡಬಹುದು. ಹೋಗಿ ನೋಡಿದರೆ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಬಿಡಿಸಿದ ಮೇಲೆ ಮನುಷ್ಯ ಒಳಗೇ ನಿಲ್ಲಬೇಕು. ಬ್ರೋಕರ್ ಮಾತ್ರ ಸುಳ್ಳು ಹೇಳಿಲ್ಲ. "ಫೋಟೋ ನೋಡೇ ಬಂದ್ರಲ್ಲ ಸಾರ್" ಅನ್ನುತ್ತಾನೆ. ಮದುವೆ ರಿಸೆಪ್ಷನ್‌ನ ಗ್ರೂಪ್ ಫೋಟೋದಲ್ಲೂ ಇದೇ ಪವಾಡ. ಜಾಗ ಸಾಲದೆ ಫೋಟೋಗ್ರಾಫರ್ ವೈಡ್ ಹಾಕುತ್ತಾನೆ. ಮಧ್ಯದಲ್ಲಿ ಮದುಮಕ್ಕಳು ಸಪೂರ. ತುದಿಯಲ್ಲಿ ನಿಂತ ಸೋದರತ್ತೆ ಅಡ್ಡಡ್ಡ ಹಿಗ್ಗಿರುತ್ತಾರೆ. ಆ ಆಲ್ಬಂ ಬಂದ ದಿನ ಅವರ ಮನೆಯಲ್ಲಿ ಏನಾಗುತ್ತದೆ ಅಂತ ಜಪಾನಿನ ಯಾವ ಎಂಜಿನಿಯರ್ ಯೋಚಿಸಿದ್ದಾನೆ? ನೆಂಟಸ್ತಿಕೆ ಮುರಿದರೆ ಅದಕ್ಕೆ ಫರ್ಮ್‌ವೇರ್ ಅಪ್‌ಡೇಟ್ ಬರಲ್ಲ.

ಕ್ಯಾನನ್‌ನ ಹಳೇ ಇಎಫ್ ಮೌಂಟಿನ ಲೆನ್ಸ್ ಇದ್ದವರಿಗೆ, ಅದನ್ನು ಹೊಸ ಕ್ಯಾಮೆರಾಗೆ ಕೂರಿಸಲು ಅಡಾಪ್ಟರ್ ಕೊಟ್ಟಿದ್ದಾರಲ್ಲ ಅನ್ನುತ್ತೀರಿ. ಹೌದು, ಕೊಟ್ಟಿದ್ದಾರೆ. 44ರಲ್ಲಿ 20 ಕಳೆದರೆ 24. ಅಷ್ಟು ಉದ್ದದ ಕೊಳವೆ. ಒಳಗೆ ಒಂದು ಚೂರು ಗಾಜೂ ಇಲ್ಲ. ತುದಿಗಳಲ್ಲಿ ಒಂದಿಷ್ಟು ವಿದ್ಯುತ್ ಕಡ್ಡಿಗಳು, ಉಳಿದದ್ದು ಗಾಳಿ. ಶುದ್ಧ ಗಾಳಿ, ಬೆಂಗಳೂರಲ್ಲಿ ಅದಕ್ಕೂ ಬೆಲೆ ಇದೆ ಅನ್ನಿ. ಪಾಪ, ಅದು ಹೇಳಿದ ಕೆಲಸವನ್ನಾದರೂ ಮಾಡುತ್ತದೆ. ನಿಕಾನ್‌ನ ಅಂಥದೇ ಅಡಾಪ್ಟರ್ ಎಫ್‌ಟಿಝಡ್‌ನಲ್ಲಿ ಫೋಕಸ್ ಮೋಟರೇ ಇಲ್ಲ. ಕ್ಯಾಮೆರಾದ ಮೋಟರಿನಿಂದ ಫೋಕಸ್ ಆಗುತ್ತಿದ್ದ ಅವರದೇ ಹಳೇ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ತಿರುಗಿಸಿ. ಅದೇ ಟೆಕಾರ್ಟ್ ಅನ್ನೋ ಸಣ್ಣ ಕಂಪನಿ, ಹುಟ್ಟಿನಿಂದಲೂ ಕೈಯಲ್ಲೇ ತಿರುಗುವ ಲೈಕಾ ಎಂ ಲೆನ್ಸನ್ನು ಮೋಟರಿನಿಂದ ಹಿಂದೆ ಮುಂದೆ ತಳ್ಳಿ, ನಿಕಾನ್ ಝಡ್ ಮೇಲೆ ಆಟೋಫೋಕಸ್ ಮಾಡಿಸಿತು. ಸೋನಿ ಲೆನ್ಸ್ ನಿಕಾನ್‌ಗೆ ಕೂರಿಸಲು ಸಿಗೋ ಜಾಗ ಬರೀ 2 ಮಿಲಿಮೀಟರ್. ಅದರಲ್ಲೂ ಆಟೋಫೋಕಸ್ ಅಡಾಪ್ಟರ್ ಮಾಡಿದರು. ಸಣ್ಣವರಿಗೆ ಆಗಿದ್ದು ದೊಡ್ಡವರಿಗೆ ಆಗಲಿಲ್ಲ ಅಂದರೆ ನಾನು ನಂಬಲ್ಲ. ಬೇಡವಾಗಿತ್ತು, ಅಷ್ಟೇ.

ಇಲ್ಲಿಗೆ ನನ್ನ ತಮಾಷೆ ಮುಗಿಯಿತು. ದಾವಣಗೆರೆಯಲ್ಲೋ ಹಾಸನದಲ್ಲೋ ಮದುವೆ ಫೋಟೋ ತೆಗೆಯುವ ಹುಡುಗ ಸಾಲ ಮಾಡಿ ಲೆನ್ಸ್ ಕೂಡಿಸಿರುತ್ತಾನೆ. ಕಂತು ಮುಗಿಯುವ ಮೊದಲೇ ಅವನಿಗೆ "ನಿನ್ನದು ಹಳೇ ಮೌಂಟು" ಅನ್ನುತ್ತಾರೆ. ಹೊಸದು ತಗೋ, ಆದರೆ ನಮ್ಮಲ್ಲೇ ತಗೋ, ನಾವು ಹೇಳಿದ ರೇಟಿಗೆ ತಗೋ. ಗಿರಾಕಿ ಮಾತ್ರ ಹಳೇ ರೇಟಿಗೇ ಆಲ್ಬಂ ಕೇಳುತ್ತಾನೆ. ಇದನ್ನು ತಂತ್ರಜ್ಞಾನದ ಪ್ರಗತಿ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ. ದುಡಿಯುವವನ ಜೇಬಿಗೆ ಕೈ ಹಾಕೋದು ಇದು.

ಹಾಗಾದರೆ ಏನು ತಗೊಳ್ಳೋದು ಅಂತ ಕೇಳುವವರಿಗೆ: 2014ರ ಕ್ಯಾನನ್ ಇಎಫ್ 16-35 ಎಫ್4 ಲೆನ್ಸ್ ಕೈಯಲ್ಲಿದ್ದರೆ ಮಾರಬೇಡಿ, ಆ ಗಾಳಿ ಕೊಳವೆ ಹಾಕಿಕೊಳ್ಳಿ. ಇಲ್ಲದಿದ್ದರೆ ಸೆಕೆಂಡ್ ಹ್ಯಾಂಡ್ ಹುಡುಕಿ. ದುಡ್ಡು ಕೊಡುವ ಮೊದಲು ಟಾರ್ಚ್ ಬಿಟ್ಟು ಒಳಗೆ ಫಂಗಸ್ ಇದೆಯಾ ನೋಡಿ. ಮಲೆನಾಡಿನ ಕಡೆಯ ಲೆನ್ಸ್ ಆದರೆ ಎರಡು ಸಲ ನೋಡಿ.