‘ಔಷಧಿ ಇಲ್ಲ’ ಅಂದರೆ ‘ಚಿಕಿತ್ಸೆ ಇಲ್ಲ’ ಅಂತಲ್ಲ

ಕಿವಿ ಗುಂಯ್‌ಗುಡುತ್ತದೆ ಎಂದು ಡಾಕ್ಟರ ಹತ್ತಿರ ಹೋದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಇಷ್ಟು: "ಇದಕ್ಕೆ ಔಷಧಿ ಇಲ್ಲ. ರೂಢಿ ಮಾಡಿಕೊಳ್ಳಿ." ನನಗೂ ಅದೇ ಸಿಕ್ಕಿತು. ಮೊದಲ ಮಾತಿನಲ್ಲಿ ತಪ್ಪಿಲ್ಲ. ಟಿನ್ನಿಟಸ್ ಎನ್ನುವ ಈ ಗುಂಯ್ ಸದ್ದನ್ನು ಪೂರ್ತಿ ಅಳಿಸಿಹಾಕುವ ಮಾತ್ರೆ ಇನ್ನೂ ಬಂದಿಲ್ಲ. ನನ್ನ ತಕರಾರು ಎರಡನೆಯ ಮಾತಿನ ಬಗ್ಗೆ. ರೂಢಿಯಾಗುವುದಕ್ಕೂ ಒಂದು ದಾರಿ ಇದೆ. ಆ ದಾರಿ ತೋರಿಸಲು ತರಬೇತಿ ಪಡೆದವರು ಇದ್ದಾರೆ. ಅದೂ ಚಿಕಿತ್ಸೆಯೇ. ಅಷ್ಟನ್ನು ಹೇಳದೆ ಕಳಿಸಿಬಿಟ್ಟರೆ, ಎದುರಿಗೆ ಕೂತವರಿಗೆ ಕೇಳಿಸುವುದು "ನಿಮಗೆ ಯಾರೂ ಏನೂ ಮಾಡಲಾರರು" ಎಂದೇ. ಈಗಾಗಲೇ ವಾರಗಟ್ಟಲೆ ನಿದ್ದೆ ಕೆಟ್ಟವರಿಗೆ ಈ ಮಾತು ಎಷ್ಟು ಭಾರ ಅಂತ ಹೇಳುವವರಿಗೆ ಗೊತ್ತಿರುವುದಿಲ್ಲ.

ಟಿನ್ನಿಟಸ್ ಅಪರೂಪದ್ದೇನಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ. 14ರಷ್ಟು ಜನರಿಗೆ ಇದು ಆಗಿದೆ. ತೀವ್ರವಾಗಿ ಇರುವವರು ಸುಮಾರು ಶೇ. 2. ತೊಂದರೆ ಇರುವುದು ಇಲ್ಲೇ. ನಾನು ವಿಷಯ ಎತ್ತಿದ ಕೂಡಲೇ "ಅಯ್ಯೋ, ನನಗೂ ಇದೆ, ನಾನು ತಲೆಗೇ ಹಾಕಿಕೊಳ್ಳಲ್ಲ" ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರದ್ದು ರಾತ್ರಿ ಮಲಗುವಾಗ ಸಣ್ಣಗೆ ಕೇಳಿಸುವ ಕೀಂಯ್ ಸದ್ದು. ನನ್ನದು ಬಚ್ಚಲಿನ ನೀರಿನ ಸದ್ದನ್ನೂ ಮೀರಿ ಕೇಳಿಸುತ್ತದೆ. ಮಾತಾಡುತ್ತಿರುವಾಗ ಎದುರಿನವರ ಮಾತಿನ ನಡುವೆಯೂ ಅದು ಇರುತ್ತದೆ. ಹೆಸರು ಒಂದೇ ಆದ ಮಾತ್ರಕ್ಕೆ ಅನುಭವ ಒಂದೇ ಅಲ್ಲ, ಅಲ್ವಾ?

ಇದು ಯಾಕೆ ಬರುತ್ತದೆ? ಒಳಕಿವಿಯ ಕಾಕ್ಲಿಯಾದಲ್ಲಿರುವ ಸೂಕ್ಷ್ಮ ಕೂದಲಕೋಶಗಳು ಜೋರು ಸದ್ದಿನಿಂದಲೋ, ವಯಸ್ಸಿನಿಂದಲೋ, ಕೆಲವು ಔಷಧಿಗಳಿಂದಲೋ ಹಾಳಾಗುತ್ತವೆ. ಆಗ ಮಿದುಳಿಗೆ ಬರುವ ಸಂದೇಶ ಕಡಿಮೆಯಾಗುತ್ತದೆ. ಸ್ಟೇಷನ್ ಸರಿಯಾಗಿ ಸಿಗದಿದ್ದಾಗ ನಾವು ರೇಡಿಯೋ ವಾಲ್ಯೂಮ್ ಏರಿಸಿದರೆ ಗೊರಗೊರ ಸದ್ದೂ ಜೋರಾಗುತ್ತದಲ್ಲ, ಮಿದುಳು ಮಾಡುವುದೂ ಸುಮಾರಾಗಿ ಅದೇ ಎನ್ನುವುದು ಸಂಶೋಧಕರಲ್ಲಿ ಹಲವರು ಒಪ್ಪುವ ವಿವರಣೆ. ಹೊರಗಿನ ಸಾಮಾನ್ಯ ಸದ್ದು ಅತಿ ಜೋರಾಗಿ ಕೇಳಿಸುವ ಹೈಪರ್‌ಅಕ್ಯೂಸಿಸ್‌ಗೂ ಇದೇ ವಿವರಣೆ ಕೊಡುತ್ತಾರೆ. ಅದಕ್ಕೇ ಇವೆರಡೂ ಹಲವರಲ್ಲಿ ಜೊತೆಯಾಗಿಯೇ ಇರುತ್ತವೆ.

"ಶ್ರವಣ ಪರೀಕ್ಷೆಯಲ್ಲಿ ಎಲ್ಲ ನಾರ್ಮಲ್" ಎಂಬ ವರದಿ ಹಿಡಿದು ಬಂದವರಿಗೆ ಒಂದು ಮಾತು. ಮಾಮೂಲಿ ಆಡಿಯೋಗ್ರಾಮ್ 250ರಿಂದ 8,000 ಹರ್ಟ್ಜ್‌ವರೆಗಿನ ಸದ್ದುಗಳು ಎಷ್ಟು ಸಣ್ಣಗಾಗುವವರೆಗೆ ಕೇಳಿಸುತ್ತವೆ ಎಂದಷ್ಟೇ ನೋಡುತ್ತದೆ. 2009ರಲ್ಲಿ ಶರಾನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳ ಮೇಲೆ ಮಾಡಿದ ಅಧ್ಯಯನ ಈ ಕ್ಷೇತ್ರದ ಯೋಚನೆಯನ್ನೇ ಬದಲಿಸಿತು. ಜೋರು ಸದ್ದಿನ ನಂತರ ಆ ಇಲಿಗಳ ಪರೀಕ್ಷೆ ಮತ್ತೆ ನಾರ್ಮಲ್‌ಗೆ ಬಂದಿತ್ತು. ಆದರೆ ಕಿವಿಯ ಕೆಲವು ಭಾಗದಲ್ಲಿ ಕೂದಲಕೋಶ ಮತ್ತು ನರದ ನಡುವಿನ ಕೊಂಡಿಗಳು ಅರ್ಧದಷ್ಟು ಕಳಚಿಹೋಗಿದ್ದವು. ಬದುಕಿರುವ ಮನುಷ್ಯರ ಕಿವಿಯಲ್ಲಿ ಇದನ್ನು ನೇರವಾಗಿ ನೋಡುವುದು ಕಷ್ಟ, ನಿಜ. ಆದರೂ ವರದಿ ನಾರ್ಮಲ್ ಬಂದ ಮಾತ್ರಕ್ಕೆ "ನಿಮಗೇನೂ ಆಗಿಲ್ಲ, ಸುಮ್ನೆ ಟೆನ್ಷನ್" ಎನ್ನುವ ಹಕ್ಕು ಯಾರಿಗೂ ಇಲ್ಲ.

ಸದ್ದಿನ ಸೂಕ್ಷ್ಮತೆಯ ಬಗ್ಗೆ ಇನ್ನಷ್ಟು ಹೇಳಬೇಕು, ಯಾಕೆಂದರೆ ಅದನ್ನು ಯಾರೂ ನಂಬುವುದಿಲ್ಲ. ಚಮಚ ತಟ್ಟೆಗೆ ತಾಗುವುದು. ಪ್ಲಾಸ್ಟಿಕ್ ಕವರ್ ಮುದುಡುವುದು. ಮಗುವಿನ ನಗು. ಇವು ನನಗೆ ಕಿವಿಯೊಳಗೆ ಚುಚ್ಚಿದಂತೆ ಆಗುತ್ತವೆ. ಕೆಲವು ಸಲ ನೋವು ಮಾರನೇ ದಿನದವರೆಗೂ ಉಳಿಯುತ್ತದೆ. ಸದ್ದು ನಿಂತ ಮೇಲೆ ಕಿವಿಯ ಮೊರೆತವೂ ಜಾಸ್ತಿಯಾಗಿರುತ್ತದೆ. ಅಗಿಯುವ ಸದ್ದು ಕೇಳಿದರೆ ಸಿಟ್ಟು ಬರುವ ಮಿಸೋಫೋನಿಯಾ ಬೇರೆ, ಇದು ಬೇರೆ. ನನಗೆ ಆ ಮಗುವಿನ ನಗು ಇಷ್ಟ. ಕಿವಿ ತಡೆಯುವುದಿಲ್ಲ, ಅಷ್ಟೇ.

ಟಿನ್ನಿಟಸ್, ಹೈಪರ್‌ಅಕ್ಯೂಸಿಸ್ ಎರಡೂ ಇರುವವರ ಪಾಡು ಇನ್ನೂ ಕಷ್ಟ. ಟಿನ್ನಿಟಸ್‌ಗೆ ನಿಶ್ಶಬ್ದ ಆಗಿಬರುವುದಿಲ್ಲ. 1953ರಲ್ಲೇ ಇಬ್ಬರು ಅಮೆರಿಕನ್ ಸಂಶೋಧಕರು ಶ್ರವಣ ಚೆನ್ನಾಗಿರುವವರನ್ನು ಶಬ್ದ ಹೊಗದ ಕೋಣೆಯಲ್ಲಿ ಕೂರಿಸಿ ನೋಡಿದ್ದರು. ಬಹುತೇಕ ಎಲ್ಲರಿಗೂ ಏನೋ ಒಂದು ಸದ್ದು ಕೇಳಿಸತೊಡಗಿತು. ಅದಕ್ಕೇ ಟಿನ್ನಿಟಸ್ ಇರುವವರಿಗೆ "ಹಿನ್ನೆಲೆಯಲ್ಲಿ ಮೆಲ್ಲಗೆ ಏನಾದರೂ ಸದ್ದು ಇರಲಿ" ಎನ್ನುತ್ತಾರೆ. ಹೈಪರ್‌ಅಕ್ಯೂಸಿಸ್‌ಗೆ ಆ ಮೆಲ್ಲನೆಯ ಸದ್ದೂ ಬೇಡ. ಫ್ಯಾನ್ ಹಾಕಿದರೆ ಒಂದು ಕಷ್ಟ, ಆರಿಸಿದರೆ ಇನ್ನೊಂದು.

ಇಲ್ಲಿ ಎರಡು ಬಗೆಯ ಸಲಹೆ ಸಿಗುತ್ತದೆ. ಎರಡನ್ನೂ ನಾನು ಒಪ್ಪುವುದಿಲ್ಲ. ಒಂದು, ಸದಾ ಇಯರ್‌ಪ್ಲಗ್ ಹಾಕಿಕೊಂಡಿರಿ. ಇನ್ನೊಂದು, ಭಯ ಬಿಟ್ಟು ಎಲ್ಲ ಸದ್ದಿಗೂ ಮುಖ ಕೊಡಿ. ಮೊದಲನೆಯದನ್ನು ಕ್ರೇಗ್ ಫಾರ್ಮ್‌ಬಿ ಮತ್ತವರ ತಂಡ 2003ರಲ್ಲಿ ಪರೀಕ್ಷಿಸಿದೆ. ಎರಡು ವಾರ ಪ್ಲಗ್ ಹಾಕಿಕೊಂಡವರಿಗೆ ಸದ್ದು ಮೊದಲಿಗಿಂತ ಜೋರು ಅನ್ನಿಸಿತು. ಮೆಲ್ಲನೆಯ ಸದ್ದನ್ನು ಕಿವಿಗೆ ಕೊಡುತ್ತಾ ಬಂದವರಿಗೆ ಸದ್ದು ತಡೆಯುವ ಶಕ್ತಿ ಹೆಚ್ಚಾಯಿತು. ಅವರೆಲ್ಲ ಕಿವಿ ಚೆನ್ನಾಗಿದ್ದವರು ಎನ್ನುವುದನ್ನು ಮರೆಯಬಾರದು. ನೋವು ಇರುವವರಿಗೆ ಎರಡನೆಯ ಸಲಹೆ ಇನ್ನೂ ಅಪಾಯಕಾರಿ. ಒಂದು ಜೋರು ಸಂಜೆಯಿಂದ ತಿಂಗಳುಗಟ್ಟಲೆ ಹಿಂದಕ್ಕೆ ಹೋದವರಿದ್ದಾರೆ. ಡ್ರಿಲ್ಲಿಂಗ್, ಸೈರನ್, ಧ್ವನಿವರ್ಧಕದ ಮುಂದೆ ಕಿವಿ ಮುಚ್ಚಲೇಬೇಕು. ಮನೆಯ ಶಾಂತ ಹೊತ್ತಿನಲ್ಲಿ ಕಿವಿ ತೆರೆದಿರಲಿ. ಅಲ್ಲಿಂದ ಮೇಲಕ್ಕೆ ಬಹಳ ಮೆಲ್ಲಗೆ ಹತ್ತಬೇಕು, ಇದು ಗೊತ್ತಿರುವ ಆಡಿಯಾಲಜಿಸ್ಟ್ (ಶ್ರವಣ ತಜ್ಞರ) ಜೊತೆಗೇ ಹತ್ತಬೇಕು. ವೇಗ ಎಷ್ಟು ಅಂತ ಹೇಳಬೇಕಾದ್ದು ರೋಗಿಯ ಕಿವಿ.

ಚಿಕಿತ್ಸೆ ಅಂದರೆ ಏನೇನು? ಶ್ರವಣ ಕಡಿಮೆಯಾಗಿದ್ದರೆ ಹಿಯರಿಂಗ್ ಏಡ್. ಹೊರಗಿನ ಸದ್ದು ಒಳಗೆ ಬಂದಷ್ಟೂ ಒಳಗಿನದು ಹಿಂದೆ ಸರಿಯುತ್ತದೆ. ಪಾವೆಲ್ ಜಾಸ್ಟ್ರೆಬಾಫ್ 1990ರಲ್ಲಿ ಮುಂದಿಟ್ಟ ವಿವರಣೆಯ ಮೇಲೆ ಬೆಳೆದ, ಸದ್ದನ್ನು ಗಮನಿಸದಿರಲು ಮಿದುಳಿಗೆ ಮರುತರಬೇತಿ ಕೊಡುವ ರೀಟ್ರೇನಿಂಗ್ ಥೆರಪಿಯಲ್ಲಿ ಸಮಾಲೋಚನೆ ಮತ್ತು ಮೆಲ್ಲನೆಯ ಸದ್ದು ಎರಡೂ ಇರುತ್ತವೆ. ಎಲ್ಲಕ್ಕಿಂತ ಗಟ್ಟಿ ಪುರಾವೆ ಇರುವುದು ಸಿಬಿಟಿಗೆ, ಅಂದರೆ ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಥೆರಪಿಗೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ ಅದರಿಂದ ಟಿನ್ನಿಟಸ್‌ನ ಕಾಟ ಕಡಿಮೆಯಾಗುತ್ತದೆ ಎಂದಿದೆ. ಸದ್ದು ಅಷ್ಟೇ ಇರಬಹುದು. ಆದರೆ ಅದು ಕೇಳಿದಾಗಲೆಲ್ಲ ಮೈಯೆಲ್ಲ ಅಪಾಯದ ಗಂಟೆ ಬಾರಿಸುವುದು ನಿಲ್ಲುತ್ತಾ ಹೋಗುತ್ತದೆ. "ಹಾಗಾದರೆ ಇದು ಮನಸ್ಸಿನ ಕಾಯಿಲೆಯಾ?" ಎಂದು ಬೇಸರ ಮಾಡಿಕೊಳ್ಳಬೇಡಿ. ಬೆನ್ನುನೋವಿಗೂ ಇದೇ ಥೆರಪಿ ಕೊಡುತ್ತಾರೆ, ಬೆನ್ನುನೋವು ಕಲ್ಪನೆ ಎಂದು ಯಾರೂ ಹೇಳುವುದಿಲ್ಲ.

ಮಾತ್ರೆಗಳ ವಿಷಯ ಚುಟುಕಾಗಿ. ಗಿಂಕ್ಗೊ ಮರದ ಎಲೆಯ ಸಾರ, ಸತು, ನಿದ್ದೆಯ ಹಾರ್ಮೋನ್ ಮೆಲಟೋನಿನ್‌ಗಳನ್ನು ಸಲಹೆ ಮಾಡಬೇಡಿ ಎಂದು ಅಮೆರಿಕದ ಇಎನ್‌ಟಿ ತಜ್ಞರ 2014ರ ಮಾರ್ಗಸೂಚಿ ಹೇಳಿದೆ. ತಲೆಸುತ್ತಿಗೆ ಕೊಡುವ ಬೀಟಾಹಿಸ್ಟಿನ್ ಮಾತ್ರೆಯನ್ನು ಟಿನ್ನಿಟಸ್ ಒಂದಕ್ಕೇ ಕೊಡಬೇಡಿ ಎಂದು ಬ್ರಿಟನ್ನಿನ 2020ರ ಮಾರ್ಗಸೂಚಿ ಹೇಳಿದೆ. ಪೂರ್ತಿ ಗುಣ ಮಾಡುತ್ತೇವೆ ಎನ್ನುವ ಜಾಹೀರಾತಿಗೆ ಹಣ ಸುರಿಯಬೇಡಿ, ದಯವಿಟ್ಟು.

ಇವಕ್ಕೆ ಮಾತ್ರ ತಡ ಮಾಡಲೇಬಾರದು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಂತಾದರೆ ಅವತ್ತೇ ಹೋಗಿ. ಸ್ಟೆರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ಎದೆಬಡಿತದ ಲಯಕ್ಕೆ ಸದ್ದು ಬರುತ್ತಿದ್ದರೆ ರಕ್ತನಾಳಗಳನ್ನು ನೋಡಿಸಬೇಕು. ಒಂದೇ ಕಿವಿಯಲ್ಲಿ ಬಿಡದೆ ಇದ್ದರೆ ಎಂಆರ್‌ಐ ಬೇಕಾಗಬಹುದು. ಆ ಯಂತ್ರದ ಸದ್ದು 100 ಡೆಸಿಬಲ್ ದಾಟಬಹುದು. ನಿಮ್ಮ ಸೂಕ್ಷ್ಮತೆಯನ್ನು ಮೊದಲೇ ತಿಳಿಸಿ, ಪ್ಲಗ್ ಮತ್ತು ಇಯರ್‌ಮಫ್ ಎರಡನ್ನೂ ಕೇಳಿ ಪಡೆಯಿರಿ.

ಕಾಟ ಎಷ್ಟಿದೆ ಎಂದು ಅಳೆಯಲು 25 ಪ್ರಶ್ನೆಗಳ ಒಂದು ಪಟ್ಟಿ ಇದೆ, ಟಿನ್ನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ ಎಂದು. 100ಕ್ಕೆ ಅಂಕ ಬರುತ್ತದೆ. ಅದನ್ನು ಮಾಡಿಸಿ ಎಂದು ನೀವೇ ಕೇಳಿ. ಬದುಕೇ ಬೇಡ ಅನ್ನಿಸುತ್ತಿದ್ದರೆ ಅದನ್ನೂ ಮುಚ್ಚಿಡದೆ ಇವತ್ತೇ ಹೇಳಿ, ಮನೆಯವರಿಗೂ ಡಾಕ್ಟರಿಗೂ. ಹಾಗೆ ಅನ್ನಿಸುವವರು ನೀವೊಬ್ಬರೇ ಅಲ್ಲ. ಆ ಹಂತ ದಾಟಿ ಬಂದವರು ತುಂಬಾ ಜನ ಇದ್ದಾರೆ.

ಮನೆಯವರಿಗೆ, ಗೆಳೆಯರಿಗೆ: ಪಿಸುಮಾತಿನಲ್ಲಿ ಬದುಕಿ ಎಂದು ನಾವು ಕೇಳುತ್ತಿಲ್ಲ. ಮಿಕ್ಸಿ ಹಾಕುವ ಮೊದಲು ಒಂದು ಮಾತು ಹೇಳಿ, ನಾವು ಬೇರೆ ಕೋಣೆಗೆ ಹೋಗುತ್ತೇವೆ. ಬಾಗಿಲು ಮೆಲ್ಲಗೆ ಹಾಕಿ. ಸಮಾರಂಭಕ್ಕೆ ಬರಲಿಲ್ಲ ಎಂದು ಕೋಪ ಮಾಡಿಕೊಳ್ಳಬೇಡಿ. ಆಮೇಲೊಂದು ದಿನ ಒಬ್ಬರೋ ಇಬ್ಬರೋ ಬನ್ನಿ, ಕೂತು ಮಾತಾಡೋಣ.