ಎಸ್ಸು ಒಂದೇ, ನೆನೆಯುವವರು ಇಬ್ಬರು

ಮಳೆಗಾಲದಲ್ಲಿ ಮಂಗಳೂರಿನ ಹಂಪನಕಟ್ಟೆಯಿಂದ ಸ್ಟೇಟ್‌ಬ್ಯಾಂಕಿಗೆ ನಡೆಯುವಾಗ ತಲೆ ತಗ್ಗಿಸಿದರೆ ಚರಂಡಿ, ಎತ್ತಿದರೆ ಇಂಗ್ಲಿಷ್ ಬೋರ್ಡು. 'ಸೀಟ್ಸ್ ಈಸ್ ಲಿಮಿಟೆಡ್', 'ಬಸಸ್ ಸ್ಟಾಪ್ಸ್ ಹಿಯರ್', 'ಆಲ್ ಸ್ಟಾಫ್ಸ್ ಈಸ್ ರಿಕ್ವೆಸ್ಟೆಡ್'. 1894ರಲ್ಲಿ ಇದೇ ಊರಿನಲ್ಲಿ ಕಿಟ್ಟೆಲ್ ಎಂಬ ಜರ್ಮನ್ ಪಾದ್ರಿಯ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಪದ, ಎರಡೂ ಅವರಿಗೆ ಪರಭಾಷೆ. ನಮಗೆ ನಾಲ್ಕು ಪದದ ಬೋರ್ಡಿಗೆ ಎರಡು ತಪ್ಪು ಕೊಡಲೇಬೇಕು, ಇಲ್ಲದಿದ್ದರೆ ಫ್ಲೆಕ್ಸಿನ ದುಡ್ಡು ಹುಟ್ಟುವುದಿಲ್ಲ.

ತಪ್ಪು ಬುದ್ಧಿಯದ್ದಲ್ಲ ಮಾರಾಯ್ರೆ, 'ಉಂಟು' ಎಂಬ ಪದದ್ದು. ಒಂದು ಬಸ್ಸು ಉಂಟು, ಹತ್ತು ಬಸ್ಸು ಉಂಟು. ಕ್ರಿಯಾಪದ ಜಪ್ಪಯ್ಯ ಅಂದರೂ ಅಲುಗುವುದಿಲ್ಲ, ಹತ್ತರ ಮುಂದೆಯೂ ಬಸ್ಸಿಗೆ 'ಗಳು' ಬೇಡ. ಇಂಥ ಸುಖದಲ್ಲಿ ಬೆಳೆದವರ ಕೈಗೆ ಒಂದಕ್ಕೆ 'ಈಸ್', ಹಲವಕ್ಕೆ 'ಆರ್' ಎಂದು ಕೊಟ್ಟು ಆರಿಸಿಕೊಳ್ಳಿ ಅಂದರೆ, ಹತ್ತಿರ ಇದ್ದದ್ದನ್ನು ಎತ್ತಿಕೊಳ್ಳುತ್ತಾರೆ.

ಮನುಷ್ಯರ ವಿಷಯದಲ್ಲಿ ತೊಡಕು ತಿರುವುಮುರುವು. ಅತಿಥಿ ಒಬ್ಬರೇ ಆದರೂ 'ಬಂದರು' ಅನ್ನುವುದು ನಮ್ಮ ಮರ್ಯಾದೆ. ಆ ಮರ್ಯಾದೆ ಮೈಕಿನಲ್ಲಿ ಇಂಗ್ಲಿಷಿಗೆ ಇಳಿದಾಗ 'ದ ಚೀಫ್ ಗೆಸ್ಟ್ ಹ್ಯಾವ್ ಅರೈವ್ಡ್' ಆಗ್ತದೆ. ಕಾರಿನಿಂದ ಇಳಿದವರು ಒಬ್ಬರೇ, ಸಭೆ ಉಳಿದವರನ್ನು ಹುಡುಕುತ್ತದೆ.

ಇಂಗ್ಲಿಷಿನ ಲೆಕ್ಕ ಬಡವರ ಮನೆಯ ಕೊಡೆಯ ಲೆಕ್ಕ. ಕರ್ತೃ, ಕ್ರಿಯಾಪದ ಇಬ್ಬರಿಗೂ ಸೇರಿ ಎಸ್ ಎಂಬ ಕೊಡೆ ಒಂದೇ. 'ಸೀಟ್ಸ್' ಹಿಡಿದುಕೊಂಡಿತೋ, ಕ್ರಿಯಾಪದ ನೆನೆಯಬೇಕು: ಆರ್, ಹ್ಯಾವ್, ಡೂ, ವರ್. 'ಸೀಟ್' ಬರಿಗೈಯಲ್ಲಿ ಬಂದರೆ ಕೊಡೆ ಕ್ರಿಯಾಪದಕ್ಕೆ: ಈಸ್, ಹ್ಯಾಸ್, ಡಸ್, ವಾಸ್. ನಾಲ್ಕೂ ಎಸ್ಸಿನಲ್ಲೇ ಮುಗಿಯುತ್ತವೆ, ಬರೆದು ನೋಡಿ. 'ಐ', 'ಯೂ' ಜೊತೆಗೆ ಈ ಲೆಕ್ಕ ನಡೆಯುವುದಿಲ್ಲ. 'ಚಿಲ್ಡ್ರನ್', 'ಪೀಪಲ್', 'ಪೊಲೀಸ್' ಬಹುವಚನವಾದರೂ ಎಸ್ ಹಿಡಿಯದ ಜಾತಿ. ಅಲ್ಲಿ ಇಬ್ಬರೂ ನೆನೆಯುತ್ತಾರೆ.

ಮೋಸ ಹೋಗುವುದು 'ಬಸ್' ಎಂಬಲ್ಲಿ. ಅದರ ಕೊನೆಯ ಎಸ್ ಕೊಡೆಯಲ್ಲ, ಹುಟ್ಟಿನಿಂದ ಬಂದ ಬಾಲ. ಆದ್ದರಿಂದ ಒಂದು ಬಸ್ಸಾದರೆ 'ದ ಬಸ್ ಸ್ಟಾಪ್ಸ್', ಹಲವಾದರೆ 'ಬಸಸ್ ಸ್ಟಾಪ್'. 'ನ್ಯೂಸ್', 'ಮ್ಯಾಥಮೆಟಿಕ್ಸ್' ಕೂಡ ಬಾಲದವೇ, ಏಕವಚನ.

ಇನ್ನೊಂದು ಹೊಂಡ, ನಡುವೆ ನುಗ್ಗುವ ಹೆಸರು. 'ದ ಲಿಸ್ಟ್ ಆಫ್ ಪ್ಯಾಸೆಂಜರ್ಸ್' ಬರೆದು ಮುಗಿಯುವಷ್ಟರಲ್ಲಿ ಕಿವಿಯಲ್ಲಿ ಪ್ಯಾಸೆಂಜರುಗಳದ್ದೇ ಗಲಾಟೆ. ಕೈ ತಾನಾಗಿ 'ಆರ್' ಬರೆಯುತ್ತದೆ. ಗೋಡೆಗೆ ಅಂಟಿಸಿರುವುದು ಪಟ್ಟಿ, ಪ್ರಯಾಣಿಕರನ್ನಲ್ಲ. 'ಆಫ್' ಎಂಬಲ್ಲಿಂದ ಮುಂದಿನದ್ದನ್ನು ಬೆರಳಲ್ಲಿ ಮುಚ್ಚಿ ಓದಿದರೆ 'ಈಸ್' ಎದುರೇ ನಿಂತಿರುತ್ತದೆ. ಆದರೆ 'ಎ ನಂಬರ್ ಆಫ್' ಬಂದರೆ ಬೆರಳು ತೆಗೆಯಿರಿ, ಅದರ ಅರ್ಥ 'ಹಲವು', ಅಲ್ಲಿ 'ಆರ್'. 'ದ ನಂಬರ್ ಆಫ್' ಆದರೆ ಪುನಃ 'ಈಸ್'. ಇದಕ್ಕೆ ಇಂಗ್ಲಿಷಿನವರನ್ನೇ ಬೈಯಬೇಕು.

ಹೋಟೆಲಿನವರಿಗೆ ಒಂದು ಮಾತು: 'ಒನ್ ಆಫ್ ದ ಬೆಸ್ಟ್ ಹೋಟೆಲ್ ಇನ್ ಉಡುಪಿ' ಅಂತ ಹಾಕಿದರೆ ಊರಿನಲ್ಲಿ ಇರುವುದೇ ಒಂದು ಹೋಟೆಲು, ಅದರಲ್ಲಿ ನಿಮ್ಮದು ಒಂದು ಭಾಗ ಎಂದಾಗ್ತದೆ. 'ಹೋಟೆಲ್ಸ್' ಮಾಡಿ, ಕ್ರಿಯಾಪದ ಬಂದರೆ 'ಈಸ್' ಇರಲಿ.

ಇಷ್ಟೆಲ್ಲ ತಲೆಬಿಸಿ ಬೇಡ ಅನ್ನುವ ಫ್ಲೆಕ್ಸ್ ಅಂಗಡಿಯವರಿಗೆ 'ವಿಲ್', 'ಮಸ್ಟ್', 'ಕ್ಯಾನ್' ಉಂಟು. ಒಂದು ವಾಹನಕ್ಕೂ 'ವಿಲ್ ಬಿ ಟೋವ್ಡ್', ನೂರಕ್ಕೂ 'ವಿಲ್ ಬಿ ಟೋವ್ಡ್'. ನಮ್ಮ 'ಉಂಟು'ವಿನ ಸಂಬಂಧಿಕರೇ ಇರಬೇಕು. ಆದರೆ ಅಂಗಡಿಯ ಪ್ರೂಫಿನಲ್ಲಿ ಗಿರಾಕಿಗಳು ನೋಡುವುದು ಎರಡೇ, ಯಾರ ಫೋಟೋ ಯಾರದ್ದಕ್ಕಿಂತ ದೊಡ್ಡದು, ಯಾರ ಹೆಸರು ಬಿಟ್ಟುಹೋಗಿದೆ. ಕ್ರಿಯಾಪದಕ್ಕೆ ಫೋಟೋ ಇಲ್ಲ.

ಹೊಸ ಫ್ಲೆಕ್ಸೂ ಬೇಡ, ಬ್ಲೇಡು ಸಾಕು. 'ಬಸಸ್ ಸ್ಟಾಪ್ಸ್ ಹಿಯರ್' ಎಂಬಲ್ಲಿ ಕೊನೆಯ ಎಸ್ ಕೆರೆದು ತೆಗೆದು, 'ದ ಬಸ್ ಸ್ಟಾಪ್ ಹಿಯರ್' ಅಂತಿರುವ ಮುಂದಿನ ಸ್ಟಾಪಿಗೆ ಅಂಟಿಸಿದರೆ ಎರಡು ಬೋರ್ಡು ಸರಿಯಾದವು. ಸಾಗಿಸಲು ಕಂಡಕ್ಟರರ ಕೈಗೆ ಕೊಡಿ. ಅವರ ಬಸ್ಸಿನೊಳಗೆ 'ಲಗೇಜಸ್ ಆರ್ ನಾಟ್ ಅಲೌಡ್' ಅಂತ ಬರೆದಿದ್ದರೆ, 'ಲಗೇಜ್'ಗೆ ಬಹುವಚನವೇ ಇಲ್ಲ, ಅದರ ಎಸ್ಸನ್ನು ಅಲ್ಲೇ 'ಆರ್' ಅನ್ನು 'ಈಸ್' ಮಾಡಲು ಇಟ್ಟುಕೊಳ್ಳಲಿ.