ಫೈಲ್ ಆಮೇಲೆ, ಮೊದಲು ಕೈ ಕೊಡಿ

ಇವತ್ತು ಓಪಿಡಿಯಲ್ಲಿ ತಲೆ ಕೆಟ್ಟಿದ್ದು ಸಂಜೆಯಾದರೂ ಸರಿಹೋಗಿಲ್ಲ. ಮನೆಯಲ್ಲಿ ಎರಡು ಸಲ ಹೇಳಿ ಆಯ್ತು, ಮೂರನೇ ಸಲ ಕೇಳೋಕೆ ಯಾರೂ ತಯಾರಿಲ್ಲ. ಅದಕ್ಕೆ ಇಲ್ಲಿ. ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ಬೆಳಿಗ್ಗೆ ಒಬ್ಬರು ಹೆಂಗಸು ಬಂದರು. ನಲವತ್ತರ ಆಸುಪಾಸು. ಇಷ್ಟು ದಪ್ಪ ಫೈಲ್. ಬೆರಳು ಮಡಚೋಕೆ ಆಗದೆ ಎರಡು ಅಂಗೈ ನಡುವೆ ಅದನ್ನು ಅವಚಿಕೊಂಡು ತಂದಿದ್ದರು. ಮೇಜಿನ ಮೇಲೆ ಇಡುವಾಗಲೂ ಮಣಿಕಟ್ಟಿನಿಂದಲೇ ತಳ್ಳಿದರು. ಉಂಗುರದ ಬೆರಳಿನಲ್ಲಿ ಉಂಗುರ ಇಲ್ಲ, ಬಿಳಿ ಗುರುತು ಮಾತ್ರ. ಊತ ಜಾಸ್ತಿಯಾಗಿ ಕತ್ತರಿಸಿ ತೆಗೆಸಿದ್ದಂತೆ.

ಎಂಟು ತಿಂಗಳ ನೋವು. ಫೈಲಿನಲ್ಲಿ ಆರ್‌ಎ ಫ್ಯಾಕ್ಟರ್ ಅನ್ನೋ ಕೀಲುವಾತದ ರಕ್ತದ ಟೆಸ್ಟ್ ಮೂರು ಸಲ. ಮೂರೂ ಸಲ ನೆಗೆಟಿವ್. ಯೂರಿಕ್ ಆಸಿಡ್, ವಿಟಮಿನ್ ಡಿ, ಎಎಸ್ಓ, ಎಕ್ಸ್‌ರೇ, ಎಲ್ಲ ಇದೆ. ನಾಲ್ಕು ಜನ ಡಾಕ್ಟರು ನಾಲ್ಕು ಬೇರೆ ಬೇರೆ ಕೈಬರಹದಲ್ಲಿ ಒಂದೇ ಮಾತು ಬರೆದಿದ್ದಾರೆ: ಆರ್‌ಎ ನೆಗೆಟಿವ್, ಆರ್ಥ್ರೈಟಿಸ್ ಇಲ್ಲ. ಕೆಳಗೆ ನೋವಿನ ಮಾತ್ರೆ.

"ಇವರಲ್ಲಿ ಯಾರಾದ್ರೂ ನಿಮ್ಮ ಬೆರಳು ಒತ್ತಿ ನೋಡಿದ್ರಾ ಅಮ್ಮ?" ಅಂದೆ.

ಅವರು ಸ್ವಲ್ಪ ಯೋಚನೆ ಮಾಡಿದರು. "ಕೈ ನೋಡಿದ್ರು ಮೇಡಂ. ದೂರದಿಂದ."

ದೂರದಿಂದ! ಕೈ ಏನು ಚಂದ್ರಗ್ರಹಣವಾ ದೂರದಿಂದ ನೋಡೋಕೆ?

ನೀವೇ ಒಂದು ಸಲ ಮುಷ್ಟಿ ಹಿಡಿದು ನೋಡಿ. ಬೆರಳು ಶುರುವಾಗೋ ಕಡೆ ನಾಲ್ಕು ಗುಡ್ಡ, ನಡುವೆ ತಗ್ಗು. ಅವರಿಗೆ ಆ ತಗ್ಗುಗಳೇ ಮುಚ್ಚಿಹೋಗಿದ್ದವು. ಗೆಣ್ಣಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರೆ ಮೆತ್ತಗೆ, ನೆನೆದ ಸ್ಪಂಜಿನ ಹಾಗೆ. ವಯಸ್ಸಾಗಿ ಸವೆದ ಕೀಲು ಹೀಗಿರಲ್ಲ, ಅದು ಕಲ್ಲಿನ ಹಾಗೆ ಗಟ್ಟಿ, ಅದೂ ಹೆಚ್ಚಾಗಿ ಉಗುರಿನ ಹತ್ತಿರದ ಗೆಣ್ಣಿನಲ್ಲಿ. ಎರಡೂ ಕಡೆಯಿಂದ ಹಸ್ತ ಹಿಡಿದು ಮೆಲ್ಲಗೆ ಅದುಮಿದೆ. ಅವರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಬೆಳಿಗ್ಗೆ ಎದ್ದಾಗ ಕೈ ಎಷ್ಟು ಹೊತ್ತು ಬಿಗಿಯಾಗಿರುತ್ತೆ ಅಂತ ಕೇಳಿದೆ. ಎರಡು ಗಂಟೆ. ಇಷ್ಟಕ್ಕೆಲ್ಲ ಎರಡು ನಿಮಿಷ ಹಿಡಿದಿರಬಹುದು. ಇದು ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳೋ ಕಾಯಿಲೆ, ಅಂತ ಗುರುತಿಸೋಕೆ ನನ್ನಂಥ ಕೀಲುವಾತದ ಸ್ಪೆಷಲಿಸ್ಟೇ ಬೇಕಿಲ್ಲ. ಮುಟ್ಟೋ ಮನಸ್ಸಿದ್ದರೆ ಸಾಕು.

ಇನ್ನು ಆ ಟೆಸ್ಟ್ ವಿಷಯ. ರುಮಟಾಯ್ಡ್ ಇರುವ ನೂರು ಜನರಲ್ಲಿ ಇಪ್ಪತ್ತು ಮೂವತ್ತು ಜನರಿಗೆ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬರುತ್ತೆ. ಇದೇನು ಗುಟ್ಟಲ್ಲ, ಎಂಬಿಬಿಎಸ್ ಪುಸ್ತಕದಲ್ಲೇ ಇದೆ. ಶುರುವಿನಲ್ಲಿ ಎಕ್ಸ್‌ರೇ ಕೂಡ ಚೆನ್ನಾಗಿಯೇ ಕಾಣುತ್ತೆ. ಮೂಳೆ ಸವೆದದ್ದು ಎಕ್ಸ್‌ರೇಯಲ್ಲಿ ಕಾಣುವ ಹೊತ್ತಿಗೆ ನಮ್ಮ ಬಸ್ಸು ಹೋಗಿರುತ್ತೆ. ಈ ಕಾಯಿಲೆಯನ್ನು ಹಿಡಿತಕ್ಕೆ ತರೋ ಮೆಥೋಟ್ರೆಕ್ಸೇಟ್ ಅನ್ನೋ ಔಷಧಿ ಮೊದಲ ಕೆಲವು ತಿಂಗಳಲ್ಲೇ ಶುರು ಮಾಡಿದರೆ ಕೀಲು ಉಳಿಯುವ ಸಾಧ್ಯತೆ ತುಂಬ ಜಾಸ್ತಿ. ಇವರ ಎಂಟು ತಿಂಗಳು ಫೈಲ್ ದಪ್ಪ ಮಾಡೋದರಲ್ಲೇ ಹೋಯ್ತು.

ಇದರ ಉಲ್ಟಾ ಕಥೆಯೂ ಉಂಟು. ಹೋದ ತಿಂಗಳು ಒಬ್ಬರು ಹಿರಿಯರು ಬಂದಿದ್ದರು. ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಆರ್‌ಎ ಪಾಸಿಟಿವ್ ಬಂತು ಅಂತ ಒಂದು ವರ್ಷದಿಂದ ಮಾತ್ರೆ ನುಂಗುತ್ತಿದ್ದಾರೆ. ಕೈಯಲ್ಲಿ ಒಂದು ಗೆಣ್ಣೂ ಊದಿಲ್ಲ! ವಯಸ್ಸಾದವರಲ್ಲಿ ಏನೂ ಕಾಯಿಲೆ ಇಲ್ಲದೆಯೂ ಇದು ಪಾಸಿಟಿವ್ ಬರಬಹುದು. ಹೆಪಟೈಟಿಸ್ ಸಿ ಇದ್ದರೂ ಬರಬಹುದು. ಅಲ್ಲೂ ಯಾರೂ ಕೈ ಹಿಡಿದಿರಲಿಲ್ಲ. ಕಾಯಿಲೆ ಇದ್ದವರಿಗೆ ಔಷಧಿ ಇಲ್ಲ, ಇಲ್ಲದವರಿಗೆ ಔಷಧಿ. ಎರಡಕ್ಕೂ ಕಾಗದವೇ ಸಾಕ್ಷಿ.

"ಮೇಡಂ, ನಿಮಗೇನು, ದಿನಕ್ಕೆ ಇಷ್ಟು ಅಂತ ಪೇಷಂಟ್ ನೋಡ್ತೀರಿ. ಹೊರಗೆ ನೂರು ಜನ ಕಾಯ್ತಿರೋರ ಕಷ್ಟ ನಿಮಗೆಲ್ಲಿ ಗೊತ್ತು" ಅಂತ ನನ್ನ ಡಾಕ್ಟರ್ ಮಿತ್ರರು ಕಾಮೆಂಟ್ ಹಾಕೋಕೆ ಹೊರಟಿರುತ್ತೀರಿ. ಒಪ್ಪಿದೆ. ನೂರು ಜನರನ್ನು ನೋಡೋದು ಸುಮ್ನೆ ಮಾತಲ್ಲ. ಆದರೆ ಆರ್‌ಎ ಫ್ಯಾಕ್ಟರ್ ಮೂರು ಸಲ ಬರೆಯೋಕೆ ಸಮಯ ಇತ್ತಲ್ವಾ? ಹಸ್ತ ಅದುಮೋಕೆ ಹತ್ತು ಸೆಕೆಂಡ್. ಚೀಟಿ ಬರೆಯೋಕೆ ಅದಕ್ಕಿಂತ ಜಾಸ್ತಿ ಬೇಕು.

ಫಿಲಿಪ್ ಹೆಂಚ್ ಹೆಸರು ಕೇಳಿದ್ದೀರಾ? ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾಕ್ಟರು. 1929ರಲ್ಲಿ ಒಬ್ಬ ರೋಗಿ ಅವರಿಗೆ, ಕಾಮಾಲೆ ಬಂದಾಗಿನಿಂದ ನನ್ನ ಕೀಲುನೋವು ಮಾಯವಾಗಿದೆ ಅಂದ. ಬೇರೆಯವರಾಗಿದ್ದರೆ ಹ್ಞೂಂ ಅಂದು ಕಳಿಸುತ್ತಿದ್ದರು. ಇವರು ಅದನ್ನೇ ಹಿಡಿದು ಕೂತರು. ಗರ್ಭಿಣಿಯರಲ್ಲೂ ನೋವು ಕಮ್ಮಿಯಾಗೋದನ್ನು ಗಮನಿಸಿದರು. ದೇಹದೊಳಗೇ ಏನೋ ಒಂದು ನೋವು ಇಳಿಸುತ್ತಿದೆ ಅಂತ ಬೆನ್ನು ಹತ್ತಿ, 1948ರಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬ ಹೆಂಗಸಿಗೆ ಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಕೊಟ್ಟರು. ಕೆಲವೇ ದಿನಕ್ಕೆ ಆಕೆ ಎದ್ದು ಓಡಾಡಿದರು. 1950ರಲ್ಲಿ ಕೆಂಡಾಲ್ ಮತ್ತು ರೈಕ್‌ಸ್ಟೈನ್ ಜೊತೆ ನೊಬೆಲ್. ಆ ಸ್ಟೀರಾಯ್ಡನ್ನು ಮುಂದೆ ನಾವು ಹೇಗೆಲ್ಲ ಹಾಳು ಮಾಡಿದೆವು ಅನ್ನೋದಕ್ಕೆ ಇನ್ನೊಂದು ಪೋಸ್ಟ್ ಬೇಕು. ನಾನು ಹೇಳ ಹೊರಟಿದ್ದು, ನಾರ್ವೆಯ ಡಾಕ್ಟರು ಎರಿಕ್ ವಾಲರ್ ಈ ಆರ್‌ಎ ಫ್ಯಾಕ್ಟರ್ ಬಗ್ಗೆ ಬರೆದದ್ದೇ 1940ರಲ್ಲಿ. ಅದಕ್ಕೆ ಹನ್ನೊಂದು ವರ್ಷ ಮೊದಲು ಹೆಂಚ್ ಹತ್ತಿರ ಟೆಸ್ಟ್ ಇರಲಿಲ್ಲ. ಕಿವಿ ಇತ್ತು.

ಇಷ್ಟೆಲ್ಲ ಹಾರಾಡಿದ ಮೇಲೆ ಒಂದು ವಿಷಯ ಮುಚ್ಚಿಟ್ಟರೆ ನಿದ್ದೆ ಬರಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗ ಸೊಂಟನೋವು ಅಂತ ಬಂದಿದ್ದ. ಓಪಿಡಿಯ ಕೊನೆಯ ಪೇಷಂಟ್. ನನಗೆ ಹೊಟ್ಟೆ ಹಸಿದಿತ್ತು. ಎಕ್ಸ್‌ರೇ ನಾರ್ಮಲ್. ಸ್ನಾಯು ಉಳುಕಿದೆ, ರೆಸ್ಟ್ ತಗೋ ಅಂದೆ. ರಾತ್ರಿ ನೋವಿಗೆ ಎಚ್ಚರ ಆಗುತ್ತಾ, ಓಡಾಡಿದರೆ ಕಮ್ಮಿ ಆಗುತ್ತಾ ಅಂತ ಕೇಳಲಿಲ್ಲ. ಬೆನ್ನು ಬಗ್ಗಿಸಿ ನೋಡಲಿಲ್ಲ. ಎಕ್ಸ್‌ರೇ ಫಿಲ್ಮ್ ನೋಡಿದೆ ಅಷ್ಟೆ. ವರ್ಷಗಳ ನಂತರ ಮತ್ತೆ ಬಂದಾಗ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದೆ. ತಲೆಯ ಹಿಂಭಾಗ ಗೋಡೆಗೆ ತಾಗಲಿಲ್ಲ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಬೆನ್ನೆಲುಬು ಬರಬರುತ್ತ ಬಿಗಿದುಹೋಗೋ ಕಾಯಿಲೆ. ಆ ಕಾಯಿಲೆಗೆ ರೆಸ್ಟ್ ಅಂದರೆ ನೋವು ಹೆಚ್ಚಿಸಿದ ಹಾಗೆ. ಹುಡುಗ ನನ್ನನ್ನು ಬೈಯಲಿಲ್ಲ. ಬಹುಶಃ ಮೊದಲ ಸಲ ನೋಡಿದ್ದು ನಾನೇ ಅಂತ ಅವನಿಗೆ ನೆನಪಿರಲಿಲ್ಲ. ನಾನೂ ನೆನಪು ಮಾಡಲಿಲ್ಲ.

ಇವತ್ತು ಬಂದಿದ್ದವರಿಗೆ ಮೆಥೋಟ್ರೆಕ್ಸೇಟ್ ಬರೆದೆ. ವಾರಕ್ಕೆ ಒಂದೇ ದಿನ, ದಿನಾ ಅಲ್ಲ, ಅಂತ ಮೂರು ಸಲ ಹೇಳಿ, ಅವರಿಂದಲೂ ಹೇಳಿಸಿದೆ. ಶುರು ಮಾಡೋ ಮುಂಚೆ ಲಿವರ್, ಕಿಡ್ನಿ, ರಕ್ತದ ಟೆಸ್ಟ್ ಮಾಡಿಸಲೇಬೇಕಲ್ಲ, ಅದನ್ನೂ ಬರೆದೆ. "ಮತ್ತೆ ಟೆಸ್ಟಾ ಮೇಡಂ?" ಅಂದರು. ಏನು ಹೇಳಲಿ. ಫೈಲ್ ಇನ್ನಷ್ಟು ದಪ್ಪ ಆಯ್ತು.

ಮುಂದಿನವನು ಒಬ್ಬ ಯುವಕ. ಬಾಗಿಲಲ್ಲೇ ಫೈಲ್ ಬಿಚ್ಚಿಕೊಂಡು ಬಂದ. ನಾನು ಇನ್ನೂ ಬಿಸಿಯಲ್ಲೇ ಇದ್ದೆ. "ಫೈಲ್ ಆಮೇಲೆ, ಮೊದಲು ಕೈ ಕೊಡಪ್ಪ" ಅಂದೆ. ಪಾಪ, ಎರಡೂ ಕೈ ಚಾಚಿದ. ಒಂದು ಗೆಣ್ಣೂ ಬಿಡದೆ ಒತ್ತಿ ನೋಡಿದೆ. ಎಲ್ಲ ಮುಗಿಯೋವರೆಗೂ ಸುಮ್ಮನಿದ್ದು ಮೆಲ್ಲಗೆ ಹೇಳಿದ:

"ಮೇಡಂ, ನೋವಿರೋದು ಹಿಮ್ಮಡಿಯಲ್ಲಿ."